ವಾರಿಜೆಗೆ, ಕೋವಿ ಕೊಡುವ ಮೊದಲು

ಕೂತುಕೋ ವಾರಿಜೆ. ಕೋವಿ ಆಮೇಲೆ,
ಮೊದಲು ಕಾಲು ತೋರಿಸು.
ಮುಳ್ಳೇರಿಯ ಪೇಟೆಯಿಂದ ಆರುನೂರು ಕೊಟ್ಟು ತಂದ ಈ ಬೂಟು
ಒಣಗಿದ ಗೇರೆಲೆಯ ಮೇಲೆ
ಹಪ್ಪಳ ಮುರಿದ ಹಾಗೆ ಮಾತಾಡುತ್ತದೆ.
ರಬ್ಬರು ಟ್ಯಾಪಿಂಗಿನವರ ಹಳೇ ಕ್ಯಾನ್ವಾಸು ಸಾಕು.
ಅಡಿ ಸವೆದಷ್ಟೂ ಒಳ್ಳೆಯದು,
ನೆಲ ಹೇಳಿದ್ದು ಬೆರಳಿಗೆ ಕೇಳಬೇಕು.
ಉಂಬಳಕ್ಕೆ ಹೊಗೆಸೊಪ್ಪು ಸುಣ್ಣ, ಮಂಡಿಯ ತನಕ.

ಸೋಪು ಹಾಕಿ ಮೀಯಬೇಡ ಆ ದಿನ.
ತಲೆಗೆ ಎಣ್ಣೆ ಬೇಡ. ಮಲ್ಲಿಗೆಯಂತೂ...
ನಗಬೇಡ, ನಿನ್ನ ಮಾವ ಸೆಂಟು ಹಾಕಿ ಬಂದು
ರಾತ್ರಿಯಿಡೀ ನುಸಿ ಹೊಡೆದದ್ದು ಊರಿಗೇ ಗೊತ್ತು.
ನಾನು ಬೀಡಿ ಬಿಟ್ಟದ್ದು ಡಾಕ್ಟರು ಹೇಳಿ ಅಲ್ಲ,
ಹಂದಿ ಹೇಳಿ.
ಅದಕ್ಕೆ ಕಣ್ಣು ಅರ್ಧ, ಕಿವಿ ಒಂದೂವರೆ,
ಮೂಗು ಮಾತ್ರ ಇಡೀ ದೇಲಂಪಾಡಿ ಪಂಚಾಯತು.

ಒಂದು ಮುಷ್ಟಿ ಬೂದಿ ಕಿಸೆಯಲ್ಲಿರಲಿ, ಗಾಳಿಯನ್ನು ಕೇಳಲಿಕ್ಕೆ.
ಸಂಜೆ ಹೊಳೆಯಿಂದ ಮೇಲೆ ಏರಿದ್ದು
ಕತ್ತಲೆ ಬಲಿತ ಮೇಲೆ ಗುಡ್ಡೆಯಿಂದ ಇಳಿಯುತ್ತದೆ.
ನೀನೂ ಜಾಗ ಬದಲಿಸು,
ಮರಗೆಣಸಿನ ಸಾಲಿನ ಈ ತಲೆಯಿಂದ ಆ ತಲೆಗೆ.
ಹಣೆಯ ಟಾರ್ಚಿಗೆ ಕೆಂಪು ಕಾಗದ ಸುತ್ತು.
ನನ್ನದು ಬಂದಡ್ಕದ ಇಗರ್ಜಿಯ ನಕ್ಷತ್ರದಿಂದ ಹರಿದು ಬಿದ್ದದ್ದು,
ಆರು ವರ್ಷವಾಯಿತು,
ಇನ್ನೂ ಕ್ರಿಸ್ಮಸ್ಸು ಮುಗಿದಿಲ್ಲ.

ಈಗ ಕೋವಿ.
ಒಂಟಿ ನಳಿಗೆ. ಹಿಡಿ ಬೀಟಿಯದ್ದು,
ಕುಂಞಾಮು ನನ್ನ ಭುಜಕ್ಕೆ ಹಗ್ಗ ಹಿಡಿದು ಅಳೆದು ಕೆತ್ತಿದ್ದು.
ನಿನಗೆ ಒಂದು ಬೆರಳು ಉದ್ದವಾದೀತು.
ಕುಯ್ಯಿಸು, ನನಗೇನೂ ಬೇಜಾರಿಲ್ಲ.
ತೆಂಗಿನೆಣ್ಣೆ ತೋರಿಸಬೇಡ, ಚಳಿಗೆ ಗಟ್ಟಿಯಾಗುತ್ತದೆ,
ಹೊಲಿಗೆ ಮಿಶಿನಿನ ಎಣ್ಣೆ, ಎರಡೇ ಹನಿ.
ಓಟು ಬಂದಾಗಲೆಲ್ಲ ಇದು
ಆದೂರು ಸ್ಟೇಶನ್ನಿನಲ್ಲಿ ಎರಡು ತಿಂಗಳು ಮಲಗಿ ಬರುತ್ತದೆ.
ಮನೆಗೆ ತಂದ ದಿನವೇ ನಳಿಗೆಗೆ ಕಣ್ಣಿಟ್ಟು ನೋಡು,
ಆಚೆಯ ತುದಿಯಲ್ಲಿ ಆಕಾಶ
ದುಂಡಗೆ ಕಾಣಬೇಕು.

ಹೊಟ್ಟೆ ಜೋತ ಹೆಣ್ಣು ಬಂದರೆ ಕೆಮ್ಮು.
ಅದಕ್ಕೆ ತೋಟೆ ಬೇಡ, ಕೆಮ್ಮು ಸಾಕು.
ಪಂಚಾಯತಿನ ಕಾಗದದಲ್ಲೂ ಹಾಗೇ ಬರೆದಿದೆಯಂತೆ, ಮಲಯಾಳದಲ್ಲಿ.
ನಾನು ಆ ಕಾಗದಕ್ಕೂ ಮೊದಲು ಕೆಮ್ಮಿದವ.

ಈಡು ತಾಗಿಯೂ ಓಡಿದರೆ, ಹಿಂದೆ ಓಡಬೇಡ.
ಒಂದು ವೀಳ್ಯ ಜಗಿದು ಮುಗಿಸು.
ಸೊಪ್ಪಿನ ಮೇಲಿನ ನೆತ್ತರು ನೋಡು.
ನೊರೆಯಿದ್ದರೆ ಹತ್ತಿರವೇ ಬಿದ್ದಿದೆ,
ಕಪ್ಪಿದ್ದರೆ ಹೊಟ್ಟೆ, ಬೆಳಕು ಹರಿಯುವ ತನಕ ಕೂರು,
ಹರಿದ ಮೇಲೆ ಹೋಗು. ಹೋಗಲೇಬೇಕು.
ಗಾಯದ ಹಂದಿಯನ್ನು ಹಾಡಿಯಲ್ಲಿ ಬಿಟ್ಟು
ಮನೆಗೆ ಬಂದು ಉಂಡವನ ಜೊತೆ
ನಾನು ಬೆಂಚಿನಲ್ಲಿ ಕೂರುವುದಿಲ್ಲ.
ಒಮ್ಮೆ ಅದು ನಾನೇ.
ಆಮೇಲಿಂದ ಚಾ ನಿಂತೇ ಕುಡಿಯುತ್ತೇನೆ, ನೀನು ನೋಡಿದ್ದೀ.

ಇನ್ನು ಉಳಿದದ್ದು ಪಿಕ್ಕಾಸು, ಹಾರೆ,
ಐದು ಲೀಟರಿನ ಕ್ಯಾನು.

ಹಿಂದೆ ಈಡಿನ ಸದ್ದಿಗೆ ಪಯಸ್ವಿನಿಯ ಆಚೆ ದಡದಲ್ಲಿ
ಕೊತ್ತಂಬರಿ ಹುರಿಯುವ ವಾಸನೆ ಏಳುತ್ತಿತ್ತು.
ತಲೆ ಈಡುಗಾರನಿಗೆ, ತೊಡೆ ಜಾಗದವನಿಗೆ,
ಬಸುರಿ ಇದ್ದ ಮನೆಗೆ ಎರಡು ಪಾಲು,
ನಾಯಿಗೂ ಒಂದು, ಎಲೆ ಹಾಕಿಯೇ.
ಈಗ ಗುಂಡಿ ತೋಡು, ಮೆಂಬರರ ಎದುರು ಆಳ ಅಳೆ,
ಮಾಂಸದ ಮೇಲೆ ಸೀಮೆಎಣ್ಣೆ ಹೊಯ್ಯಿ,
ಫೋಟೋಕ್ಕೆ ನಿಲ್ಲು. ಮಣ್ಣು ಮುಚ್ಚು.
ಮೊದಲ ಸಲ ನಾನು ಹೊಯ್ದಾಗ
ಬೊಗ್ಗ ಗುಂಡಿಯನ್ನು ಒಮ್ಮೆ ನೋಡಿತು, ನನ್ನನ್ನು ಒಮ್ಮೆ,
ಆಮೇಲೆ ಒಬ್ಬನೇ ಗುಡ್ಡೆ ಇಳಿದು ಮನೆಗೆ ಹೋಯಿತು.

ನೀನು ನಾಯಿಯನ್ನು ಕಟ್ಟಿಯೇ ಹೋಗು.
ಮತ್ತೆ, ಕೋವಿ ಹಿಡಿಯುವ ಕೈಯಲ್ಲಿ
ಆ ಕ್ಯಾನು ಹಿಡಿಯಬೇಡ.
ಎಷ್ಟು ತೊಳೆದರೂ ಮೂರು ದಿನ ಇರುತ್ತದೆ,
ಹಂದಿಗೆ ಗೊತ್ತಾಗುತ್ತದೆ.

ತಗೋ.
ಭಾರ ಇದೆ, ಎರಡೂ ಕೈ ಕೊಡು.